ಬೆಳಗ್ಗೆ ಬೆಕ್ಕಿನ ಶೆಲ್ಟರ್ ಪಾಳಿ, ಸಂಜೆ ಪಕ್ಷಿವೀಕ್ಷಣೆ: ಒಂದೇ ದಿನ ಎರಡನ್ನೂ ಹೊಂದಿಸೋದು ಹೇಗೆ?

ಸಂಜೆಗೂಬೆ

ಬೆಳಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಬೆಕ್ಕಿನ ಶೆಲ್ಟರಿನಲ್ಲಿ ವಾಲಂಟಿಯರ್ ಪಾಳಿ, ಅದೇ ದಿನ 4ರ ಮೇಲೆ ನೀರಿನ ದಂಡೆಯಲ್ಲಿ ಪಕ್ಷಿವೀಕ್ಷಣೆ. ಎರಡನ್ನೂ ಒಂದೇ ದಿನಕ್ಕೆ ಜೋಡಿಸುವವರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ. ಸಂಜೆ ಬೈನಾಕ್ಯುಲರ್ ಎತ್ತುವ ಹೊತ್ತಿಗೆ ಕೈ ನಡುಕ, ಕಣ್ಣುರಿ, ಸೊಂಟ ಹಿಡಿತ ಮೂರೂ ಸೇರಿರುತ್ತೆ. ಶೆಲ್ಟರ್ ಕೆಲಸದಲ್ಲಿ ದಣಿವು ಎಲ್ಲಿ ಕಡಿಮೆ ಮಾಡಬಹುದು? ಅಲ್ಲಿಂದ ಹೊರಡುವಾಗ ಬಟ್ಟೆ, ಶೂ, ಬ್ಯಾಗು ಏನು ಮಾಡಬೇಕು? ದಣಿದ ಮೈಯಲ್ಲಿ ಹಕ್ಕಿ ನೋಡುವ ಕ್ರಮವೇ ಬೇರೆ ಇರಬೇಕಾ? ಸ್ವಂತ ಕತೆ ಬೇಡ, ಅಳತೆ, ಕ್ರಮ, ಕಾರಣ ಹೇಳಿ ಸಾಕು.

ಒದ್ದೆ ಏಪ್ರನ್

ಶೆಲ್ಟರಿನಲ್ಲಿ ಮೈ ಸೋಲೋದು ಕೆಲಸದಿಂದ ಅರ್ಧ, ಓಡಾಟದಿಂದ ಅರ್ಧ. ಕೋಣೆಗಳ ಕ್ರಮ ಸರಿ ಇದ್ದರೆ ಓಡಾಟ ತಾನಾಗಿ ಇಳಿಯುತ್ತೆ. ಆರೋಗ್ಯವಾಗಿರುವ ಮರಿಗಳು ಮೊದಲು, ಆಮೇಲೆ ಆರೋಗ್ಯವಾಗಿರುವ ದೊಡ್ಡ ಬೆಕ್ಕುಗಳು, ಆಮೇಲೆ ಹೊಸದಾಗಿ ಬಂದವು, ಆಮೇಲೆ ಶೀತ ಸೀನು ಇರುವವು, ಕಟ್ಟಕಡೆಗೆ ಹುಳುಕಡ್ಡಿ ಹಿಡಿದವು. ಪ್ಯಾನ್‌ಲ್ಯುಕೋಪೀನಿಯಾ (ಮರಿಗಳಿಗೆ ಮಾರಕವಾದ, ಬೇಗ ಹರಡುವ ವೈರಸ್ ರೋಗ) ಅನುಮಾನ ಇರುವ ಕೋಣೆಗೆ ಆ ದಿನ ಬೇರೆ ಒಬ್ಬರೇ ಹೋಗಬೇಕು, ಅವರು ಮತ್ತೆ ಮರಿಗಳ ಕಡೆ ತಲೆ ಹಾಕಬಾರದು. ಈ ಸಾಲನ್ನು ಹಿಂದೆ ಮುಂದೆ ಮಾಡಿದರೆ ಒಂದೊಂದು ಬಾಗಿಲಿಗೂ ಗ್ಲೌಸ್, ಏಪ್ರನ್, ಸೌಟು ಬದಲಿಸುತ್ತಲೇ ಹೊತ್ತು ಹೋಗುತ್ತೆ.

ಎರಡನೇದು, ದಿನಾ ಕೇಜ್ ಪೂರ್ತಿ ಖಾಲಿ ಮಾಡಿ ತೊಳೆಯೋದನ್ನು ಬಿಡಿ. ಅದೇ ಬೆಕ್ಕು ಅದೇ ಕೇಜಿನಲ್ಲಿ ಇರುವಷ್ಟು ದಿನ, ಕೊಳೆಯಾದ ಜಾಗ ಮಾತ್ರ ಒರೆಸಿದರೆ ಸಾಕು. ಬೆಕ್ಕನ್ನು ಹೊರಗೆ ತೆಗೆಯೋದೇ ಬೇಡ. ಅಡಗುವ ಡಬ್ಬದ ಬಾಯಿಗೆ ಒಂದು ಟವೆಲ್ ಇಳಿಬಿಡಿ, ಅದು ಒಳಗೇ ಇರುತ್ತೆ. ಟ್ರೇ ಎಳೆದು ಗಟ್ಟಿ ತೆಗೆದು ಲಿಟರ್ (ಬೆಕ್ಕು ಮಲಮೂತ್ರ ಮಾಡುವ ಮರಳಿನಂಥ ಪುಡಿ) 5 ಸೆಂ.ಮೀ. ಆಳಕ್ಕೆ ತುಂಬಿಸಿ, ಚೆಲ್ಲಿದ್ದು ಒರೆಸಿ, ನೀರಿನ ಬಟ್ಟಲು ಬದಲಿಸಿ, ಹಾಸಿಗೆ ಒದ್ದೆಯಾಗಿಲ್ಲದಿದ್ದರೆ ಹಾಗೇ ಬಿಡಿ. ತನ್ನ ವಾಸನೆ ಇರುವ ಹಾಸಿಗೆಯೇ ಅದಕ್ಕೆ ಧೈರ್ಯ.

ಇದು ಸೋಮಾರಿತನದ ಉಪಾಯ ಅಂದುಕೊಳ್ಳಬೇಡಿ. ಬೆಕ್ಕಿನ ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರೆ ನರದೊಳಗೆ ಕೂತಿರುತ್ತೆ. ಎತ್ತಿ ಇಳಿಸಿ ಜಾಗ ಬದಲಿಸಿ ಗಾಬರಿ ಮಾಡಿದರೆ ಸುಮಾರು ಒಂದು ವಾರದಲ್ಲಿ ಮತ್ತೆ ಹೊರಬಿದ್ದು ಸೀನು, ಕಣ್ಣು ಸೋರಿಕೆ ಶುರು. ದಿನಾ ಉಜ್ಜಿ ಉಜ್ಜಿ ತೊಳೆಯುವ ಶೆಲ್ಟರಿನಲ್ಲೂ ಶೀತ ಕಡಿಮೆಯಾಗದೇ ಇರೋದಕ್ಕೆ ಇದೂ ಒಂದು ಕಾರಣ. ಬೆಕ್ಕು ಖಾಲಿಯಾಗಿ ಇನ್ನೊಂದು ಬರುವ ಮುಂಚೆ ಮಾತ್ರ ಪೂರ್ತಿ ತೊಳೆದು ಕ್ರಿಮಿನಾಶಕ ಹಾಕಬೇಕು.

ಸೊಂಟದ ಮಾತು: ಲಿಟರ್ ಚೀಲ ಎತ್ತಿ ಸುರಿಯಬೇಡಿ. ಬಕೆಟ್ಟಿಗೆ ಅರ್ಧ ಮಾತ್ರ ತುಂಬಿ, ಮಗ್ಗಿನಲ್ಲಿ ಹಾಕುತ್ತಾ ಹೋಗಿ. ಕೆಳಸಾಲಿನ ಕೇಜುಗಳಿಗೆ ಬಗ್ಗುವ ಬದಲು ಗಿಡ್ಡ ಸ್ಟೂಲ್ ಮೇಲೆ ಕೂತು ಸರಿಯಿರಿ. ಮೇಲಿನ ಸಾಲು, ಕೆಳಗಿನ ಸಾಲು ಅಂತ ಬದಲಿಸುತ್ತಾ ಮಾಡಿದರೆ ಒಂದೇ ಸ್ನಾಯುವಿನ ಮೇಲೆ ಭಾರ ಬೀಳಲ್ಲ. ಲಿಟರ್ ಸುರಿಯುವಾಗ ಮಾಸ್ಕ್ ಹಾಕಿ. ಸಂಜೆಯ ಕಣ್ಣುರಿಗೆ ಬ್ಲೀಚ್ ಎಷ್ಟು ಕಾರಣವೋ ಈ ಧೂಳೂ ಅಷ್ಟೇ ಕಾರಣ.

ಲಿಟರ್ ಸೌಟು

ಬ್ಲೀಚ್ ವಿಷಯ ಬಂದದ್ದಕ್ಕೆ: ಒಂದು ಲೀಟರಿಗೆ 100 ಮಿ.ಲೀ. ಹಾಕಿದರೆ ಯಾವ ವೈರಸ್ಸೂ ಉಳಿಯಲ್ಲ. ಕಡಿಮೆ ಹಾಕಿ ಎರಡು ಸಲ ಒರೆಸೋದಕ್ಕಿಂತ ಜಾಸ್ತಿ ಹಾಕಿ ಒಂದೇ ಸಲ ಮುಗಿಸೋದು ಒಳ್ಳೇದಲ್ವಾ?

ಔಷಧಪೆಟ್ಟಿಗೆ

ಬೇಡ. ಬೇಕಾದ್ದರ ಮೂರು ಪಟ್ಟಿಗಿಂತ ಜಾಸ್ತಿ ಆಯ್ತು ಅದು. ಕೇಜಿನ ಲೋಹ ತಿನ್ನುತ್ತೆ, ಬೆಕ್ಕಿನ ಪಾದ ಸುಡುತ್ತೆ, ಆವಿ ಬೆಕ್ಕಿನ ಶ್ವಾಸನಾಳವನ್ನೂ ನಿಮ್ಮದನ್ನೂ ಕೆರಳಿಸುತ್ತೆ. ಹಾಗಂತ ಕೊಳೆಯ ಮೇಲೆ ಸುರಿದರೆ ಆಗಲೂ ಕೆಲಸ ಮಾಡಲ್ಲ, ಯಾಕೆಂದರೆ ಮಲ, ಕೂದಲು, ಆಹಾರದ ಜಿಡ್ಡು ಕ್ಲೋರಿನ್ನನ್ನು ಮೊದಲೇ ನುಂಗಿಬಿಡುತ್ತೆ.

5ರಿಂದ 6 ಶೇಕಡಾ ಶಕ್ತಿಯ ಬ್ಲೀಚಿಗೆ ಒಂದು ಪಾಲು ಬ್ಲೀಚ್, 32 ಪಾಲು ನೀರು. ಅಂದಾಜು ಲೀಟರಿಗೆ 30 ಮಿ.ಲೀ. ಬಾಟಲಿಯ ಶಕ್ತಿ ಬೇರೆ ಇದ್ದರೆ 160ನ್ನು ಆ ಶೇಕಡಾದಿಂದ ಭಾಗಿಸಿ, ಬಂದಷ್ಟು ಮಿ.ಲೀ. ಒಂದು ಲೀಟರ್ ನೀರಿಗೆ. 4 ಶೇಕಡಾ ಇದ್ದರೆ 40, 8 ಇದ್ದರೆ 20. ಬ್ಲೀಚಿಂಗ್ ಪೌಡರ್ ಬಳಸುವವರು, ಅದರಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇದೆ ಅಂತ ಡಬ್ಬದ ಮೇಲಿದ್ದರೆ, ಲೀಟರಿಗೆ 5 ಗ್ರಾಂ ಕಲಸಿ ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಬಳಸಿ. ಹಳೇ ಪೌಡರಿನ ಶಕ್ತಿ ಬಿದ್ದು ಹೋಗಿರುತ್ತೆ, ಅದನ್ನು ನಂಬಬೇಡಿ.

ಕ್ರಮ ಹೀಗೆ. ಕೊಳೆ ಕೆರೆದು ತೆಗೆಯಿರಿ. ಸೋಪಿನ ನೀರಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳೆದು, ನೀರು ಇಳಿಸಿ. ಆಮೇಲೆ ಬ್ಲೀಚ್ ದ್ರಾವಣ ಹಾಕಿ 10 ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಸೆಖೆಯಲ್ಲಿ ನಾಲ್ಕೇ ನಿಮಿಷಕ್ಕೆ ಒಣಗುತ್ತೆ, ಹಾಗಾಗಿ ನಡುವೆ ಮತ್ತೊಮ್ಮೆ ಸಿಂಪಡಿಸಬೇಕು. ಕೊನೆಗೆ ತೊಳೆದು ಪೂರ್ತಿ ಒಣಗಿಸಿ. ದ್ರಾವಣವನ್ನು ದಿನಾ ಹೊಸದಾಗಿ ಮಾಡಿ, ಬೆಳಕು ಹಾಯದ ಬಾಟಲಿಯಲ್ಲಿ ಇಡಿ.

ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಅಮೋನಿಯಾ ಜೊತೆ ಸೇರಿ ಕ್ಲೋರಮಿನ್ ಆವಿ ಏಳುತ್ತೆ. ಕಿಟಕಿ ಇಲ್ಲದ ಕೋಣೆಯಲ್ಲಿ ಪಾಳಿ ಮುಗಿಸಿದವರ ಕೆಮ್ಮು, ಕಣ್ಣೀರಿಗೆ ಇದೇ ಮೂಲ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆಗಂತೂ ಸೇರಿಸಲೇಬಾರದು.

ಲಿಟರ್ ಸೌಟು

160ರ ಲೆಕ್ಕ ಚೆನ್ನಾಗಿದೆ. ಅಷ್ಟೆಲ್ಲ ಯಾಕೆ, ಫಿನೈಲ್ ಹಾಕಿದರೆ ಆಗಲ್ವಾ? ವಾಸನೆಯೂ ಹೋಗುತ್ತೆ.

ಔಷಧಪೆಟ್ಟಿಗೆ

ಬೆಕ್ಕಿರುವ ಕಡೆ ಫಿನೈಲ್, ಪೈನ್ ಎಣ್ಣೆ, ಕ್ಲೋರೊಕ್ಸಿಲಿನಾಲ್ ಇರುವ ಆಂಟಿಸೆಪ್ಟಿಕ್ ಯಾವುದೂ ಬೇಡ. ಫೀನಾಲ್ ಗುಂಪಿನ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಗ್ಲುಕುರೊನೈಡೇಶನ್ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೂ ಸಾಕು. ಅದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು. ಇನ್ನು ಆಲ್ಕೊಹಾಲ್ ಸ್ಯಾನಿಟೈಸರ್ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿಗೆ ಏನೂ ಮಾಡಲ್ಲ. ಆ ವೈರಸ್ಸು ಹೊರಗೆ ಒಂದು ವರ್ಷದವರೆಗೂ ಬದುಕಬಲ್ಲದು. ಕೈಗೆ ಸೋಪು ನೀರೇ ಗತಿ. ವಾಸನೆ ಹೋಗಬೇಕಾದರೆ ಟ್ರೇಯನ್ನು ದಿನಕ್ಕೆರಡು ಸಲ ಚೊಕ್ಕ ಮಾಡಿ.

ಮರಿಸಾಕು

ಬಾಟಲಿ ಹಾಲಿನ ಮರಿಗಳ ಬಗ್ಗೆ ಯಾರೂ ಹೇಳಿಲ್ಲ. ಪಾಳಿಯಲ್ಲಿ ಹೊತ್ತು ತಿನ್ನೋದು ಇದೇ, ಆತುರ ಪಟ್ಟರೆ ಜೀವ ಹೋಗೋದೂ ಇಲ್ಲೇ.

ತಣ್ಣಗಿರುವ ಮರಿಗೆ ಹಾಲು ಕೊಡಬೇಡಿ. ಮೈ ಕಾವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಕರುಳು ಕೆಲಸ ಮಾಡಲ್ಲ, ಹಾಲು ಒಳಗೇ ಕೆಡುತ್ತೆ. ಮೊದಲು ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ನಿಧಾನವಾಗಿ ಬೆಚ್ಚಗೆ ಮಾಡಿ. ಬಾಯೊಳಗೆ ಬೆರಳಿಟ್ಟಾಗ ತಣ್ಣಗನಿಸಿದರೆ ಇನ್ನೂ ಕಾಯಿರಿ. ಹಸುವಿನ ಹಾಲು ಬೇಡ, ಬೆಕ್ಕಿನ ಮರಿಗಂತಲೇ ಇರುವ ಹಾಲಿನ ಪುಡಿ ಬೇಕು. ಕೊಡುವಾಗ ಹಾಲು ಸುಮಾರು 38 ಡಿಗ್ರಿ. ಮರಿ ಹೊಟ್ಟೆ ಕೆಳಗಾಗಿ ಮಲಗಿರಬೇಕು. ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಟಲಿ ತಲೆಕೆಳಗು ಮಾಡಿದರೆ ಹನಿ ನಿಧಾನಕ್ಕೆ ಬೀಳಬೇಕು, ಸುರಿದರೆ ನಿಪ್ಪಲಿನ ತೂತು ದೊಡ್ಡದಾಗಿದೆ ಅಂತ. ಮೂಗಿನಿಂದ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಸ್ವಲ್ಪ ತಗ್ಗಿಸಿ ಒರೆಸಿ.

ಮೊದಲ ವಾರ 2ರಿಂದ 3 ಗಂಟೆಗೊಮ್ಮೆ. ಕೊಟ್ಟ ಮೇಲೆ ಒದ್ದೆ ಹತ್ತಿಯಲ್ಲಿ ಹಿಂಭಾಗ ಒರೆಸಿ ಮೂತ್ರ ಮಾಡಿಸಬೇಕು, ಸುಮಾರು ಮೂರು ವಾರದವರೆಗೆ ತಾನಾಗಿ ಮಾಡಲ್ಲ. ಹುಟ್ಟಿದಾಗ 100 ಗ್ರಾಂ ಆಸುಪಾಸು ಇರುವ ಮರಿ ದಿನಕ್ಕೆ 10 ಗ್ರಾಂನಷ್ಟು ಏರಬೇಕು. ತಕ್ಕಡಿ ದಿನಾ ಒಂದೇ ಹೊತ್ತಿನಲ್ಲಿ. ಒಂದು ದಿನ ಏರದಿದ್ದರೆ ಗಮನಿಸಿ, ಇಳಿದರೆ ಅದೇ ದಿನ ವೈದ್ಯರಿಗೆ ಹೇಳಿ.

ಕೊನೆಯ ಹಾಲಿನ ಪಾಳಿಯನ್ನು ಸಂಜೆ ಹೊರಡುವವರು ತೆಗೆದುಕೊಳ್ಳಬೇಡಿ. ಗಡಿಯಾರ ನೋಡುತ್ತಾ ಹಾಲು ಕುಡಿಸಬಾರದು.

ಔಷಧಪೆಟ್ಟಿಗೆ

ಅದಕ್ಕೆ ಸೇರಿಸಿ: ಕಚ್ಚಿಸಿಕೊಳ್ಳೋದೂ ಹೆಚ್ಚಾಗಿ ಪಾಳಿಯ ಕೊನೆಯಲ್ಲೇ. ಸಿಡುಕುವ ಬೆಕ್ಕಿಗೆ ಔಷಧಿ ಹಾಕೋದು, ಉಗುರು ಕತ್ತರಿಸೋದು ಬೆಳಗಿನ ಮೊದಲ ಎರಡು ಗಂಟೆಯಲ್ಲಿ ಮುಗಿಯಲಿ. ಕಿವಿ ಚಪ್ಪಟೆ, ಕಣ್ಣಿನ ಪಾಪೆ ಅಗಲ, ಬಾಲ ಬಡಿತ, ಈ ಮೂರರಲ್ಲಿ ಎರಡು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಮಾತ್ರೆ ಹಾಕಿದ ಮೇಲೆ ಸಿರಿಂಜಿನಲ್ಲಿ 5 ಮಿ.ಲೀ. ನೀರು ಕೊಡಲೇಬೇಕು. ಒಣ ಮಾತ್ರೆ, ಅದರಲ್ಲೂ ಡಾಕ್ಸಿಸೈಕ್ಲಿನ್, ಬೆಕ್ಕಿನ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತೆ. ಆಮೇಲೆ ನಾಳವೇ ಕಿರಿದಾಗಿ ತಿಂದದ್ದೆಲ್ಲ ವಾಪಸ್.

ಬೆಕ್ಕಿನ ಹಲ್ಲು ಸಣ್ಣ ತೂತು ಮಾಡಿ ಆಳಕ್ಕೆ ಪಾಸ್ಟುರೆಲ್ಲಾ ಬ್ಯಾಕ್ಟೀರಿಯಾ ಬಿಟ್ಟು ಬರುತ್ತೆ. ಮೇಲೆ ಏನೂ ಕಾಣಲ್ಲ, ರಾತ್ರಿಯೊಳಗೆ ಕೈ ಊದಿರುತ್ತೆ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ರೇಬೀಸ್ ಲಸಿಕೆಯ ಮಾತು ಅವರೊಡನೆ ಆಗಲೇಬೇಕು. ಬೆರಳ ಗಂಟಿನ ಮೇಲೆ ಕಚ್ಚಿದ್ದರೆ ಸಂಜೆಯ ಹಕ್ಕಿ ಬಿಟ್ಟುಬಿಡಿ, ಆಸ್ಪತ್ರೆಗೇ ನೇರ.

ಹೊರಡುವ ಮುಂಚೆ ಕೊನೆಯ ಸುತ್ತಿನಲ್ಲಿ ಗಂಡು ಬೆಕ್ಕುಗಳ ಟ್ರೇ ನೋಡಿ. ಟ್ರೇಯಲ್ಲಿ ಕೂತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಮಲಬದ್ಧತೆ ಅಲ್ಲ, ಮೂತ್ರನಾಳ ಕಟ್ಟಿದೆ. ನಾಳೆಯವರು ನೋಡಲಿ ಅಂತ ಬಿಡುವ ಹಾಗಿಲ್ಲ. ಬಾಯಿ ತೆರೆದು ಉಸಿರಾಡುವ ಬೆಕ್ಕೂ ಅಷ್ಟೇ.

ಜವುಗುಕಾಲು

ಶೆಲ್ಟರಿನಿಂದ ನೀರಿನ ದಂಡೆಗೆ ಹೋಗುವ ನಡುವಿನ ಹೊತ್ತನ್ನು ಎಲ್ಲರೂ ಹಗುರವಾಗಿ ತಗೋತಾರೆ. ಬೈನಾಕ್ಯುಲರ್ ಬ್ಯಾಗನ್ನು ಶೆಲ್ಟರಿನ ಒಳಗೆ ತರಲೇಬೇಡಿ. ಬೆಕ್ಕಿನ ಕೂದಲು ಒಮ್ಮೆ ಐಕಪ್ಪಿನ (ಕಣ್ಣಿಗೆ ತಾಗುವ ರಬ್ಬರು ಬಟ್ಟಲಿನ) ಮಡಿಕೆಗೆ ಸೇರಿದರೆ ಬಿಡಲ್ಲ, ಅಲರ್ಜಿ ಇರುವವರಿಗೆ ಸಂಜೆಯೆಲ್ಲ ಕಣ್ಣು ತುರಿಕೆ.

ಶೆಲ್ಟರಿಗೆಂದೇ ಒಂದು ಜೊತೆ ಶೂ, ತಳ ಆದಷ್ಟು ನುಣುಪಾಗಿರಲಿ. ಗೆರೆ ಗೆರೆ ತಳದಲ್ಲಿ ಮಲ ಕೂತರೆ ಯಾವ ಬ್ರಷ್ಷಿಗೂ ಸಿಗಲ್ಲ. ಹೊರಡುವಾಗ ಅದು ಕಟ್ಟಿದ ಚೀಲದೊಳಗೆ ಇರಬೇಕು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮುಖ ತೊಳೆದು, ಮೇಲಂಗಿ ಪ್ಯಾಂಟು ಎರಡೂ ಬದಲಿಸಿ. ಮನೆಯಲ್ಲಿ ಲಸಿಕೆ ಆಗದ ಮರಿ ಇದ್ದರೆ ಇದರಲ್ಲಿ ರಾಜಿಯೇ ಇಲ್ಲ. ಬಟ್ಟೆಯನ್ನು ಬೇರೆಯಾಗಿ, ಮಷಿನ್ ಅರ್ಧ ತುಂಬುವಷ್ಟು ಮಾತ್ರ ಹಾಕಿ ಒಗೆಯಿರಿ. ಹುಳುಕಡ್ಡಿ ಕೋಣೆಗೆ ಹೋಗಿದ್ದ ದಿನ ಎರಡು ಸಲ ಪೂರ್ತಿ ಒಗೆತ ಬೇಕು, ಶಿಲೀಂಧ್ರದ ಬೀಜಕಣ ಹೋಗೋದು ಮುಖ್ಯವಾಗಿ ಕಲಕಿ ತೊಳೆಯೋದರಿಂದ.

ಬ್ಲೀಚಿನಿಂದ ಒಣಗಿದ ಕೈಗೆ ಕ್ರೀಮ್ ಹಚ್ಚೋದಾದರೆ ಬೈನಾಕ್ಯುಲರ್ ಮುಟ್ಟುವ ಅರ್ಧ ಗಂಟೆ ಮುಂಚೆ ಹಚ್ಚಿ. ಆ ಜಿಡ್ಡು ಲೆನ್ಸಿಗೆ ತಾಗಿದರೆ ಸಂಜೆ ಎದುರುಬೆಳಕಿನಲ್ಲಿ ಪೂರ್ತಿ ಮಬ್ಬು. ಲೆನ್ಸ್ ಒರೆಸುವಾಗ ಮೊದಲು ಬ್ಲೋವರ್, ಆಮೇಲೆ ಮೃದು ಬ್ರಷ್, ಕಡೆಗೆ ದ್ರವ ಹಾಕಿದ ಬಟ್ಟೆ. ಲಿಟರ್ ಧೂಳು ಜೇಡಿ, ಸಿಲಿಕಾ ಕಣಗಳೇ. ಅಂಗಿಯ ತುದಿಯಲ್ಲಿ ಒಣದಾಗಿ ಉಜ್ಜಿದರೆ ಗೀರು ಖಂಡಿತ.

ನಸುಕಿನ ಉಲಿ

ಇಷ್ಟೆಲ್ಲ ಪಾಡು ಯಾಕೆ? ದಿನವನ್ನೇ ತಿರುಗಿಸಿ. ಬೆಳಗಿನ ಜಾವ ಹಕ್ಕಿ, ಆಮೇಲೆ ಶೆಲ್ಟರ್. ಹಕ್ಕಿಗಳು ಹೆಚ್ಚು ಚುರುಕಾಗಿರೋದು, ಹಾಡೋದು ಸೂರ್ಯೋದಯದ ಆಸುಪಾಸಿನಲ್ಲೇ. ತಾಜಾ ಕಣ್ಣು, ತಾಜಾ ಕೈ.

ಜವುಗುಕಾಲು

ಹಕ್ಕಿಯ ದೃಷ್ಟಿಯಿಂದ ನೀವು ಹೇಳಿದ್ದು ಸರಿ. ಬೆಕ್ಕಿನ ದೃಷ್ಟಿಯಿಂದ ಅದು ತಿರುವುಮುರುವು. ಬೆಳಗ್ಗೆ ಜವುಗಿನಲ್ಲಿ ನಡೆದು ಬಂದ ಶೂಗಳಲ್ಲಿ ಬಾತುಗಳ ಹಿಕ್ಕೆ, ಕೆಸರು ಎರಡೂ ಇರುತ್ತೆ. ಹಕ್ಕಿಜ್ವರದ ಎಚ್‌5ಎನ್‌1 ವೈರಸ್ ಬೆಕ್ಕುಗಳಿಗೆ ಮಾರಕ. 2023ರಲ್ಲಿ ಪೋಲೆಂಡಿನಲ್ಲಿ ಸಾಕುಬೆಕ್ಕುಗಳು ಸತ್ತವು, 2024ರಲ್ಲಿ ಅಮೆರಿಕದ ಡೈರಿಗಳಲ್ಲಿ ಸೋಂಕಿತ ಹಸಿ ಹಾಲು ಕುಡಿದ ಬೆಕ್ಕುಗಳೂ ಸತ್ತವು. ಸತ್ತ ಹಕ್ಕಿಯನ್ನು ಮುಟ್ಟಿದ ದಿನ ಶೆಲ್ಟರಿಗೆ ಹೋಗಲೇಬಾರದು. ಮುಟ್ಟದಿದ್ದರೂ ಬೂಟು ಬದಲಿಸದೆ ಒಳಗೆ ಕಾಲಿಡಬಾರದು.

ಇನ್ನೊಂದು ಅಪಾಯ ಉಣ್ಣಿಯ ಔಷಧಿ. ರಕ್ತ ಹೀರುವ ಉಣ್ಣಿ ಹತ್ತದಿರಲಿ ಅಂತ ಹೊರಾಂಗಣದ ಬಟ್ಟೆಗೆ ಪರ್ಮೆಥ್ರಿನ್ ಸಿಂಪಡಿಸುವ ಅಭ್ಯಾಸ ಪಕ್ಷಿವೀಕ್ಷಕರಲ್ಲಿದೆ. ಮನುಷ್ಯರಿಗೆ ಅದು ಸಾಮಾನ್ಯ, ಬೆಕ್ಕಿಗೆ ನರವಿಷ. ನಡುಕ, ಸೆಳೆತ, ಆಮೇಲೆ ಅಪಸ್ಮಾರದಂಥ ಹೊಡೆತ. ಒದ್ದೆ ಇದ್ದಾಗ ಅಪಾಯ ಅತಿ ಹೆಚ್ಚು, ಪೂರ್ತಿ ಒಣಗಿದ ಮೇಲೆ ಬಹಳ ಕಡಿಮೆ. ಆದರೂ ಬೆಕ್ಕು ಮಡಿಲಲ್ಲಿ ಕೂತು ನೆಕ್ಕುವ ಬಟ್ಟೆಗೆ ಅದು ಬೇಡವೇ ಬೇಡ. ಸೊಳ್ಳೆಗೆ ಹಚ್ಚುವ ಡೀಟ್ ಇನ್ನೊಂದು ತಲೆನೋವು: ಬೆಕ್ಕಿಗೂ ಒಳ್ಳೇದಲ್ಲ, ಬೈನಾಕ್ಯುಲರಿನ ರಬ್ಬರು, ಪ್ಲಾಸ್ಟಿಕ್ಕನ್ನೂ ಕರಗಿಸುತ್ತೆ. ಪಿಕಾರಿಡಿನ್ ಪ್ಲಾಸ್ಟಿಕ್ಕಿಗೆ ಹಾನಿ ಮಾಡಲ್ಲ, ಅಂಗೈಗೆ ತಾಗದಂತೆ ಹಚ್ಚಿಕೊಂಡರೆ ಆಯ್ತು.

ಹಾಗಾಗಿ ಮೊದಲು ಶೆಲ್ಟರ್, ಆಮೇಲೆ ಹಕ್ಕಿ. ತಿರುಗಿಸಲೇಬೇಕೆಂದರೆ ನಡುವೆ ಸ್ನಾನ ಇರಲಿ.

ನಸುಕಿನ ಉಲಿ

ಬೂಟಿನ ಮಾತು ಒಪ್ಪಿದೆ. ಆದರೆ ಸ್ನಾನ ಮಾಡಿ ಹೋಗೋದಾದರೆ ನನ್ನ ಓಟು ಈಗಲೂ ಬೆಳಗಿನ ಜಾವಕ್ಕೇ. ದಣಿದ ಕಣ್ಣಲ್ಲಿ ಮಾಡಿದ ಪಟ್ಟಿಯಲ್ಲಿ ತಪ್ಪು ಗುರುತು ಜಾಸ್ತಿ.

ಎಂಟು ನಲವತ್ತೆರಡು

ತಪ್ಪು ಗುರುತಿಗೆ ದಣಿವೊಂದೇ ಕಾರಣ ಅಲ್ಲ, ಅಲುಗುವ ಚಿತ್ರವೂ ಕಾರಣ. ಅದನ್ನು ಸಲಕರಣೆಯಲ್ಲೇ ಅರ್ಧ ಸರಿಪಡಿಸಬಹುದು.

ದಿನವಿಡೀ ಉಜ್ಜಿದ ಕೈಗೆ 10×42 (10 ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಲೆನ್ಸಿನ) ಬೈನಾಕ್ಯುಲರ್ ಬೇಡ. ಹತ್ತು ಪಟ್ಟು ಹಿಗ್ಗೋದು ಹಕ್ಕಿ ಮಾತ್ರ ಅಲ್ಲ, ಕೈಯ ನಡುಕವೂ. 8×42 ಸಾಕು. ಇನ್ನೊಂದು ಲಾಭ ಬೆಳಕಿನದು. ಲೆನ್ಸಿನ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ: 42 ಭಾಗ 8 ಅಂದರೆ 5.25 ಮಿ.ಮೀ., 42 ಭಾಗ 10 ಅಂದರೆ 4.2. ಮುಸ್ಸಂಜೆಯಲ್ಲಿ ಕಣ್ಣಿನ ಪಾಪೆ ಅರಳಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತೆ. 8×32 ಹಗುರ ಅಂತ ತಗೊಂಡರೆ ವೃತ್ತ 4ಕ್ಕೆ ಇಳಿಯುತ್ತೆ, ಸೂರ್ಯ ಮುಳುಗಿದ ಮೇಲೆ ಬೇಗ ಕತ್ತಲು.

ಕತ್ತಿನ ಪಟ್ಟಿ ಬಿಚ್ಚಿ ಹೆಗಲಿಗೆ ಹಾಕುವ ಹಾರ್ನೆಸ್ ಹಾಕಿ. ಮುಕ್ಕಾಲು ಕಿಲೋ ಭಾರ ಕತ್ತಿನ ಹಿಂಭಾಗದಲ್ಲೇ ತೂಗಿದರೆ, ಬೆಳಗಿನಿಂದ ಬಗ್ಗಿ ಬಗ್ಗಿ ಬಿಗಿದಿರುವ ಸ್ನಾಯುವಿಗೇ ಮತ್ತೆ ಪೆಟ್ಟು.

ಕಣ್ಣು ಸೋಲೋದಕ್ಕೆ ದೊಡ್ಡ ಕಾರಣ ತಪ್ಪಿದ ಡಯಾಪ್ಟರ್, ಅಂದರೆ ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ. ದೂರದ, ಅಂಚು ಚೂಪಾಗಿರುವ ಒಂದು ವಸ್ತು ಆರಿಸಿ. ಬಲ ಲೆನ್ಸನ್ನು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡ ಲೆನ್ಸ್ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿ. ಮುಚ್ಚಬೇಕಾದ್ದು ಲೆನ್ಸು, ಕಣ್ಣಲ್ಲ. ಒಂದು ಕಣ್ಣು ಚಿವುಟಿ ಮುಚ್ಚಿದರೆ ಇನ್ನೊಂದೂ ಸಂಕುಚಿಸಿ ಲೆಕ್ಕ ತಪ್ಪುತ್ತೆ. ಉಂಗುರ ನಿಂತ ಗುರುತನ್ನು ನೆನಪಿಟ್ಟುಕೊಳ್ಳಿ, ಬ್ಯಾಗಿನೊಳಗೆ ಉಜ್ಜಿ ಅದು ಸರಿದಿರುತ್ತೆ. ಹೊರಗಿನ ನಾಲ್ಕು ಗಂಟೆ ಬೆಳಕಿನಲ್ಲೇ ಇದನ್ನು ಮಾಡಿ, ಕತ್ತಲಾಗುತ್ತಾ ಬಂದ ಮೇಲೆ ಸರಿಯಾಗಲ್ಲ.

ಹಿಡಿಯುವ ಭಂಗಿ: ನೆಲದ ಮೇಲೆ ಕೂತು ಮೊಣಕಾಲು ಎತ್ತಿ, ಮೊಣಕೈ ಮೊಣಕಾಲ ಮೇಲೆ. ನಿಂತು ನೋಡೋದಾದರೆ ಮೊಣಕೈ ಪಕ್ಕೆಗೆ ಒತ್ತಿ, ಟೋಪಿಯ ಅಂಚನ್ನು ಬೆರಳಿನಿಂದ ಬೈನಾಕ್ಯುಲರ್ ಜೊತೆ ಸೇರಿಸಿ ಹಿಡಿಯಿರಿ. 40 ಸೆಂ.ಮೀ. ಆಸುಪಾಸಿನ ಒಂದು ಕೋಲನ್ನು ಬೈನಾಕ್ಯುಲರಿನ ಕೆಳಗೆ ಕಟ್ಟಿಕೊಂಡರೆ ಕೈಯನ್ನು ಎದೆಮಟ್ಟದಲ್ಲೇ ಇಟ್ಟು ನೋಡಬಹುದು, ಭುಜಕ್ಕೆ ದೊಡ್ಡ ಬಿಡುವು.

ಸಂಜೆಗೂಬೆ

ಕೂತು ನೋಡಿದರೆ ಕಾಣುವ ಜಾತಿ ಕಡಿಮೆ ಆಗಲ್ವಾ?

ಎಂಟು ನಲವತ್ತೆರಡು

ನೀರಿನ ಬಳಿಯಾದರೆ ಹೆಚ್ಚೇನೂ ಕಡಿಮೆಯಾಗಲ್ಲ. ಸೂರ್ಯಾಸ್ತದ ಮುಂಚಿನ ಒಂದೂವರೆ ಗಂಟೆಯಲ್ಲಿ ಹಕ್ಕಿಗಳೇ ಕುಡಿಯಲು, ಮೇಯಲು, ಗೂಡಿಗೆ ಸೇರಲು ಓಡಾಡುತ್ತವೆ. ನೀವು ನಡೆದರೆ ಅವು ಸರಿಯುತ್ತವೆ. ಪಶ್ಚಿಮದ ದಂಡೆಯಲ್ಲಿ, ಸೂರ್ಯ ಬೆನ್ನಿಗಿರುವ ಹಾಗೆ ಕೂರಿ. ಎದುರುಬೆಳಕಿನಲ್ಲಿ ಎಲ್ಲವೂ ಕಪ್ಪು ನೆರಳು, ಅಲ್ಲದೆ ಅಕಸ್ಮಾತ್ ಬೈನಾಕ್ಯುಲರ್ ಸೂರ್ಯನ ಕಡೆ ತಿರುಗಿದರೆ ಕಣ್ಣಿಗೆ ಶಾಶ್ವತ ಹಾನಿ. ಕೂತ ಮೊದಲ ಹತ್ತು ನಿಮಿಷ ಬೈನಾಕ್ಯುಲರ್ ಎತ್ತಲೇಬೇಡಿ, ಬರಿಗಣ್ಣಲ್ಲಿ ಚಲನೆ ಹುಡುಕಿ. ಅಷ್ಟರಲ್ಲಿ ನೀವು ಬಂದಾಗ ಅಡಗಿದವು ಹೊರಬರುತ್ತವೆ. ಹಕ್ಕಿ ಕಂಡಾಗ ಅದರ ಮೇಲಿನ ನೋಟ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಈಬರ್ಡ್‌ಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಆನ್‌ಲೈನ್ ತಾಣಕ್ಕೆ) ಪಟ್ಟಿ ಹಾಕುವವರು ಇದನ್ನು ಸ್ಟೇಷನರಿ, ಅಂದರೆ ಒಂದೇ ಕಡೆ ನಿಂತು ನೋಡಿದ್ದು, ಅಂತ ದಾಖಲಿಸಿ, ನೀವು 30 ಮೀಟರಿನೊಳಗೇ ಇದ್ದರೆ ಅದೇ ಸರಿಯಾದ ವಿಧ. 20 ನಿಮಿಷದ ಪೂರ್ಣ ಪಟ್ಟಿ, ಎರಡು ಗಂಟೆಯ ಅರೆಮನಸ್ಸಿನ ಪಟ್ಟಿಗಿಂತ ಮೇಲು. ಪೂರ್ಣ ಅಂದರೆ ಗುರುತಾದ ಎಲ್ಲ ಜಾತಿಯನ್ನೂ ಹಾಕಿದ್ದೀರಿ, ಇಷ್ಟವಾದವನ್ನು ಮಾತ್ರ ಅಲ್ಲ ಅಂತ. ಗುರುತಾಗದ ಗಿಡುಗವನ್ನು ಗಿಡುಗ ಅಂತಲೇ ಬರೆಯಿರಿ. ದಣಿದಾಗ ತಲೆಯೊಳಗಿನ ಆಸೆಯೇ ಹಕ್ಕಿಯ ಗರಿಗೆ ಬಣ್ಣ ಹಚ್ಚುತ್ತೆ. ಪುಸ್ತಕ ತೆರೆಯುವ ಮುಂಚೆ ಗಾತ್ರ, ಕೊಕ್ಕು, ಕಾಲಿನ ಬಣ್ಣ, ಬಾಲ ಆಡಿಸುವ ರೀತಿ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಗದ್ದೆಗೊರವಗಳಲ್ಲಿ ಕಾಲಿನ ಬಣ್ಣ ನೋಡದೆ ಹೆಸರು ಹೇಳುವವರಿಗೆ ನನ್ನ ನಮಸ್ಕಾರ.

ಮರ್ಲಿನ್ ದನಿ ಗುರುತಿಸುವ ಆ್ಯಪ್ ಸುಳಿವು ಕೊಡುತ್ತೆ, ಅಷ್ಟೇ. ಅದು ಹೇಳಿತು ಅಂತ ನೇರವಾಗಿ ಪಟ್ಟಿಗೆ ಸೇರಿಸಬೇಡಿ. ದನಿ ನುಡಿಸಿ ಕರೆಯೋದಂತೂ ಗೂಡಿನ ಕಾಲದಲ್ಲಿ ಬೇಡ.

ನಸುಕಿನ ಉಲಿ

ಒಂದು ಕೊಂಕು ಪ್ರಶ್ನೆ. ಬೆಳಗ್ಗೆ ಬೆಕ್ಕು ಉಳಿಸಿ ಸಂಜೆ ಹಕ್ಕಿ ನೋಡೋದು ವಿಚಿತ್ರ ಅನಿಸಲ್ವಾ? ದೀಪಸ್ತಂಭ ಕಾಯುವವನ ಒಂದೇ ಬೆಕ್ಕು ಒಂದಿಡೀ ಜಾತಿಯ ಹಕ್ಕಿಯನ್ನು ಮುಗಿಸಿದ ಕತೆ ಎಲ್ಲರಿಗೂ ಗೊತ್ತು.

ಒದ್ದೆ ಏಪ್ರನ್

ಆ ಕತೆ ಉತ್ಪ್ರೇಕ್ಷೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಹಾರಲಾರದ ಆ ಪುಟ್ಟ ಹಕ್ಕಿ 1894ರಲ್ಲಿ ವಿಜ್ಞಾನಕ್ಕೆ ಗೊತ್ತಾಯ್ತು, ಕೆಲವೇ ವರ್ಷದಲ್ಲಿ ಇಲ್ಲವಾಯ್ತು. ಆದರೆ ದ್ವೀಪದಲ್ಲಿ ಇದ್ದದ್ದು ಒಂದು ಬೆಕ್ಕಲ್ಲ, ಕಾಡುಬಿದ್ದು ಹೆಚ್ಚಿದ ಹಲವು ಬೆಕ್ಕುಗಳು. ಅದರಿಂದ ನಿಮ್ಮ ವಾದ ದುರ್ಬಲ ಆಗಲ್ಲ, ಗಟ್ಟಿಯೇ ಆಗುತ್ತೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರ ಅಂದಾಜು. ಅದರಲ್ಲಿ ಬಹುಪಾಲು ಒಡೆಯರಿಲ್ಲದ ಬೆಕ್ಕುಗಳದ್ದು. ಬೀದಿಯಿಂದ ಒಳಗೆ ಬಂದು, ಸಂತಾನಹರಣ ಆಗಿ, ಮನೆಯೊಳಗೇ ಇರುವ ಬೆಕ್ಕು ಹಕ್ಕಿಗೂ ಲಾಭ. ವಿಚಿತ್ರ ಏನೂ ಇಲ್ಲ.

ದತ್ತು ಕೊಡುವಾಗ ಹೇಳಬೇಕಾದ ಅಂಕಿಗಳೂ ಇವೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ, ಮಾಂಸ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ 36 ಶೇಕಡಾ ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಆಟ ಆಡಿಸಿದಾಗ 25 ಶೇಕಡಾ. ಬಣ್ಣದ ಬಟ್ಟೆಯ ಕೊರಳಪಟ್ಟಿಯಿಂದ ಹಕ್ಕಿಬೇಟೆ 42 ಶೇಕಡಾ ಇಳಿಯಿತು, ಇಲಿಬೇಟೆ ಇಳಿಯಲಿಲ್ಲ. ಗಂಟೆ ಕಟ್ಟಿದ್ದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಗಂಟೆ ಕಟ್ಟಿದ್ದೀವಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಮರಿಸಾಕು

ಪಕ್ಷಿವೀಕ್ಷಕರು ಮಾಡಬಹುದಾದ ಒಂದು ಕೆಲಸ: ದಂಡೆಯಲ್ಲಿ ಅಲೆಯುವ ಬೆಕ್ಕು ಕಂಡರೆ ಬೈನಾಕ್ಯುಲರಿನಲ್ಲಿ ಕಿವಿ ನೋಡಿ. ಸಂತಾನಹರಣ ಆದ ಬೀದಿಬೆಕ್ಕಿನ ಒಂದು ಕಿವಿಯ ತುದಿ, ಸಾಮಾನ್ಯವಾಗಿ ಎಡಗಿವಿ, ಸುಮಾರು 1 ಸೆಂ.ಮೀ. ನೇರವಾಗಿ ಕತ್ತರಿಸಿರುತ್ತೆ. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕು. ತುದಿ ಪೂರ್ತಿ ಇದ್ದರೆ ಬಣ್ಣ, ಜಾಗ, ಹೊತ್ತು, ಹೊಟ್ಟೆ ಜೋತಿದೆಯಾ, ಮೊಲೆ ಊದಿದೆಯಾ ಬರೆದು, ಸಂತಾನಹರಣಕ್ಕೆ ಬೆಕ್ಕು ಹಿಡಿಯಲು ಬಲೆಗೂಡು ಇಡುವ ತಂಡಕ್ಕೆ ಕಳಿಸಿ. ಹಾಲೂಡಿಸುವ ತಾಯಿ ಅಂತ ಗೊತ್ತಾದರೆ ಅವರು ಮರಿ ಹುಡುಕದೆ ತಾಯಿಯನ್ನು ಒಯ್ಯಲ್ಲ. ಅಲ್ಲೇ ಊಟ ಹಾಕಬೇಡಿ. ನೀರುಹಕ್ಕಿ ಗೂಡಿಡುವ ಕಡೆ ಬೆಕ್ಕು ನೆಲೆಯೂರಲು ಅದೇ ನೆಪ ಆಗುತ್ತೆ. ಬಲೆಗೂಡಿಗೂ ಹಸಿದ ಬೆಕ್ಕೇ ಬೀಳೋದು.

ಸಂಜೆಗೂಬೆ

ಕೊನೇ ಪ್ರಶ್ನೆ. ದಂಡೆಯಲ್ಲಿ ಬೆಕ್ಕು ಹಿಡಿದು ಬಿಟ್ಟ ಹಕ್ಕಿ ಸಿಕ್ಕರೆ? ವಾಹನದಲ್ಲಿ ಬೆಕ್ಕಿನ ಕ್ಯಾರಿಯರ್ ಇರುತ್ತೆ, ಅದರಲ್ಲೇ ಹಾಕಬಹುದಾ?

ಔಷಧಪೆಟ್ಟಿಗೆ

ಕ್ಯಾರಿಯರ್ ಬೇಡ. ಸರಳಿನ ಬಾಗಿಲಿಗೆ ರೆಕ್ಕೆ ಬಡಿದು ಗರಿ ಮುರಿಯುತ್ತೆ, ಶೆಲ್ಟರಿನ ಸೋಂಕೂ ಬೆಕ್ಕಿನ ವಾಸನೆಯೂ ಅದರಲ್ಲಿರುತ್ತೆ. ಹಕ್ಕಿ ಚೆನ್ನಾಗಿ ನಿಲ್ಲುವಷ್ಟು ದೊಡ್ಡ ರಟ್ಟಿನ ಡಬ್ಬ ತಗೊಳ್ಳಿ. ಹಕ್ಕಿ ಒಳಗಿಲ್ಲದಾಗಲೇ ಪಕ್ಕಗಳಲ್ಲಿ ಪೆನ್ಸಿಲ್ ತೂರುವಷ್ಟು ಆರೇಳು ತೂತು ಮಾಡಿ, ತಳಕ್ಕೆ ನೂಲು ಏಳದ ಬಟ್ಟೆ ಹಾಸಿ. ಗ್ಲೌಸ್ ಹಾಕಿ, ತೆಳು ಬಟ್ಟೆ ಹೊದಿಸಿ ರೆಕ್ಕೆ ಮಡಿಚಿದ ಹಾಗೇ ಎತ್ತಿ, ಎದೆ ಒತ್ತಬೇಡಿ. ಹಕ್ಕಿ ಉಸಿರಾಡೋದು ಎದೆಗೂಡು ಆಡಿಸಿಕೊಂಡೇ, ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತೆ. ಮುಚ್ಚಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ನೀರು ಬಾಯಿಗೆ ಹುಯ್ಯಬೇಡಿ, ಆಹಾರವೂ ಬೇಡ. ಗೂಬೆ, ಗಿಡುಗ, ಉದ್ದ ಕೊಕ್ಕಿನ ಬಕಗಳಾದರೆ ನೀವು ಎತ್ತಲೇಬೇಡಿ, ಗೊತ್ತಿರುವವರನ್ನು ಕರೆಸಿ. ಸುತ್ತ ಇನ್ನೂ ಕೆಲವು ಹಕ್ಕಿ ಸತ್ತುಬಿದ್ದಿದ್ದರೆ ಅದು ಬೆಕ್ಕಿನ ಕೆಲಸ ಅಲ್ಲದಿರಬಹುದು. ಯಾವುದನ್ನೂ ಮುಟ್ಟದೆ ಪಶುವೈದ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಗಾಯ ಕಾಣಲಿಲ್ಲ ಅಂತ ಹಾರಿಬಿಡುವ ಹಾಗಿಲ್ಲ. ನಿಮ್ಮ ಬೆರಳಿಗೆ ಹೇಳಿದ ಅದೇ ಪಾಸ್ಟುರೆಲ್ಲಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಸಾಯುತ್ತೆ. ಗರಿಯ ಕೆಳಗಿನ ತೂತು ಸೂಜಿಮೊನೆಯಷ್ಟು ಇದ್ದರೂ ಸಾಕು. ಆ್ಯಂಟಿಬಯೋಟಿಕ್ ಆದಷ್ಟು ಬೇಗ, ಕೆಲವೇ ಗಂಟೆಯೊಳಗೆ, ವೈದ್ಯರ ಕೈಯಿಂದ ಆಗಬೇಕು. ಫೋನ್ ಮಾಡುವಾಗ ಮೊದಲ ವಾಕ್ಯದಲ್ಲೇ "ಬೆಕ್ಕು ಹಿಡಿದ ಹಕ್ಕಿ" ಅಂತ ಹೇಳಿ, ಸಾಲಿನಲ್ಲಿ ಮುಂದಕ್ಕೆ ತಗೋತಾರೆ.